ಘಾಟು

ಲೈಸೆನ್ಸು ನವೀಕರಣಕ್ಕೆ ಕಡ್ಡಾಯವಂತೆ.
ಎರಡು ಕ್ರೆಡಿಟ್ ಪಾಯಿಂಟು, ಮಧ್ಯಾಹ್ನ ಊಟ.
ಬ್ಯಾಡಗಿಯಿಂದ ಹಾವೇರಿಗೆ ಆದಿತ್ಯವಾರ ಮುಂಜಾನೆ
ಕಾರು ಹೊಡೆಯುತ್ತ ಒಬ್ಬನೇ ಬೈದುಕೊಂಡೆ:
ಮೂವತ್ತೊಂದು ವರ್ಷ ನಾಡಿ ಹಿಡಿದವಗ
ತಾರತಮ್ಯ ಮಾಡಬ್ಯಾಡ ಅಂತ
ಯಾರೋ ಪಾಠ ಹೇಳತಾರಂತ.

ಮೈಕು ಸರಿಮಾಡಲು ಬಂದ ಹುಡುಗಿ ಅಂದುಕೊಂಡಿದ್ದೆ,
ಡಾಕ್ಟರ್ ಅಂಜುಮ್ ಬಂಕಾಪುರ ಎಂದು ಹೆಸರು ಹೇಳಿ
ಅವರೇ ಪಾಠ ಶುರು ಮಾಡಿದರು.
ಆಗಲೇ ಎದ್ದು ಬರಬಹುದಿತ್ತು,
ನನ್ನ ಪರೀಕ್ಷೆ ಅಲ್ಲಿಗೇ ಮುಗಿದಿತ್ತು.

ಪರದೆಯ ಮೇಲೆ ಬಾಣ, ವೃತ್ತ, ಶೇಕಡಾ ಲೆಕ್ಕ.
ರಾಣೆಬೆನ್ನೂರಿನ ಎಲುಬಿನ ಡಾಕ್ಟರು
ನನ್ನ ಹೆಗಲಿಗೆ ತಲೆಯಿಟ್ಟು ಗೊರಕೆ ಹೊಡೆದರು.
ಆಮೇಲೆ ಒಂದು ಪ್ರಶ್ನೆ, ಬಲು ಸಾದಾ:
"ನಿಮ್ಮ ಟೇಬಲ್ಲಿನ ಎದುರು ಒಂದು ಸ್ಟೂಲು ಇರ್ತದಲ್ರಿ,
ಅದರ ಮ್ಯಾಲ ಕೂಡು ಅಂತ
ನೀವು ಯಾರಿಗೆ ಅನ್ನೂದಿಲ್ಲ?"

ಬರೆಯಲು ಹಳದಿ ಚೀಟಿ. ಹೆಸರು ಹಾಕಬೇಕಿಲ್ಲ.
ಫ್ಯಾನು ತಿರುಗುವ ಸಪ್ಪಳ.
"ಯಾರೂ ಇಲ್ಲ" ಎಂದು ಬರೆದೆ, ದುಂಡಗೆ.
ಡಾಕ್ಟರ ಅಕ್ಷರವಲ್ಲ ಅದು,
ಮಾಸ್ತರರ ಮುಂದೆ ಕೂತ ಹುಡುಗನ ಅಕ್ಷರ.

ಗಾಳೆವ್ವ ಬಂದದ್ದು ಆಗ.
ಮೂಗಿಗೆ ಮೊದಲು ಬಂದಳು, ಕಣ್ಣಿಗೆ ಆಮೇಲೆ.
ಮಾರ್ಕೆಟ್ಟಿನಲ್ಲಿ ದಿನಾ ಹತ್ತು ತಾಸು
ಮೆಣಸಿನಕಾಯಿ ತೊಟ್ಟು ಮುರಿಯುವವಳು,
ಉಗುರಿನ ಸಂದಿಯಲ್ಲಿ ಕೆಂಪು,
ಸೆರಗು ಕೊಡವಿದರೆ ಪಾಳಿಯಲ್ಲಿ ಕೂತವರೆಲ್ಲ ಸೀನಬೇಕು.
ಬಾಗಿಲ ಚೌಕಟ್ಟಿಗೆ ನಿಂತು ಕೆಮ್ಮಿದಳು. ನಾನು
ಪೆನ್ನು ಎತ್ತದೆ, ಕಣ್ಣೂ ಎತ್ತದೆ,
"ಮೆಣಸಿನಕಾಯಿ ಘಾಟು. ಮಾರಿಗೆ ಅರಿವಿ ಕಟ್ಕೋ" ಅಂದೆ.
ಸಿರಪ್ಪಿನ ಚೀಟಿ ಟೇಬಲ್ಲಿನ ತುದಿಗೆ ತಳ್ಳಿದೆ,
ಬೆರಳಿಗೆ ಬೆರಳು ತಾಗದಷ್ಟು ದೂರ.
ಆ ಅಳತೆ ಕೈಗೆ ತಾನೇ ಗೊತ್ತಿತ್ತು.
ಯಾವ ಕಾಲೇಜಿನಲ್ಲೂ ಕಲಿಸಿದ್ದಲ್ಲ.

ಮೂರು ಸಲ ಬಂದಳು.
ಮೂರು ಸಲವೂ ಘಾಟು.

ಅದರಲ್ಲಿ ಒಂದು ಸೋಮವಾರ
ದಲಾಲಿ ಅಂಗಡಿಯ ಮಹಾರುದ್ರಪ್ಪನವರ ಮನೆಯವರೂ ಬಂದಿದ್ದರು.
ಅದೇ ಮಾರ್ಕೆಟ್ಟು, ಅದೇ ಧೂಳು, ಅದೇ ಕೆಮ್ಮು.
"ಕೂಡ್ರಿ ಅಕ್ಕಾರ. ಎಷ್ಟು ದಿನ ಆತು?
ರಾತ್ರಿ ಬೆವರತೀರೇನು? ತೂಕ ಇಳದೈತೇನು?
ಒಂದು ಎಕ್ಸ್‌ರೇ ತಗಿಸೂಣು,
ಹೆದರಿಕಿ ಏನಿಲ್ಲ, ನಮ್ಮ ಸಮಾಧಾನಕ್ಕ."

ಅವರಿಗೆ ಏನೂ ಇರಲಿಲ್ಲ.
ಬರೀ ಘಾಟು.

ಹಳದಿ ಚೀಟಿ ಮಡಚಿ ಡಬ್ಬಿಗೆ ಹಾಕಿದೆ. ಬರೆದದ್ದು ತಿದ್ದಲಿಲ್ಲ.
ಊಟಕ್ಕೆ ರೊಟ್ಟಿ, ಎಣ್ಣೆಗಾಯಿ, ಕೆಂಪು ಚಟ್ನಿ.
ಚಟ್ನಿ ಮುಟ್ಟಲಿಲ್ಲ ಎಂದರೆ ಕತೆ ಚಂದವಾಗುತ್ತಿತ್ತು;
ಎರಡು ಸಲ ಹಾಕಿಸಿಕೊಂಡೆ.

ಗಾಳೆವ್ವ ಸತ್ತಿಲ್ಲ.
ಹುಬ್ಬಳ್ಳಿಯ ದೊಡ್ಡ ದವಾಖಾನೆಯವರು ಅವಳನ್ನು ಉಳಿಸಿದರು,
ಎಡಗಡೆಯ ಶ್ವಾಸಕೋಶ ಉಳಿಸಲಾಗಲಿಲ್ಲ.
ಮರುವಾರ ನೆಗಡಿ ಅಂತ ಬಂದಳು, ನನ್ನ ಹತ್ತಿರವೇ,
ಸಿಟ್ಟಿಲ್ಲ, ಸೆಡವಿಲ್ಲ, ಅದೇ ಚೌಕಟ್ಟಿಗೆ.
ಸ್ಟೂಲು ಎಳೆದಿಟ್ಟು "ಕೂಡಬೇ" ಅಂದೆ.
ನನ್ನ ದನಿ ನನಗೇ ಮೈಕಿನಲ್ಲಿ ಬಂದಂತೆ ಕೇಳಿತು.
"ಬ್ಯಾಡ್ರೀ ಯಪ್ಪಾ, ಸೀರಿ ತುಂಬ ಘಾಟ ಐತಿ,
ನಿಮಗ ಸೀನು ಬರ್ತಾವ."

ಇಷ್ಟು ವರ್ಷ ದೂರ ನಿಂತದ್ದು
ನನ್ನ ಸಲುವಾಗಿ ಎಂದೇ ಅವಳ ಲೆಕ್ಕ.

ಕಡೆಗೆ ಕೂತಳು, ಅಂಚಿಗೆ,
ಬಸ್ಸಿನಲ್ಲಿ ಮತ್ತೊಬ್ಬರು ಟವೆಲ್ ಹಾಕಿದ ಸೀಟಿನಲ್ಲಿ ಕೂತಂತೆ.
ನಾನು ಸೀನಿದೆ, ಖರೇನೇ.
"ನೂರು ವರ್ಷ ಬಾಳ್ರಿ" ಅಂದಳು.

ಬೆನ್ನಿಗೆ ಸ್ಟೆತೊ ಇಟ್ಟು ಉಸಿರು ಎಳಿ ಅಂದೆ.
ಬಲಕ್ಕೆ ಗಾಳಿ ಬಂತು, ಹೋಯಿತು.
ಎಡಕ್ಕೆ
ಇನ್ನೂ ಹಿಡಿದೇ ಇದ್ದೇನೆ.